ಮಾವನ 1971ರ ಫೆಂಡರ್ ಚಾಂಪ್: ಹಮ್, ಕರಕರ ಸದ್ದು, ಈಗ ವಾಲ್ವ್ ಬೇರೆ ಕೆಂಪಾಗ್ತಿದೆ

ಆರನೇ ತಂತಿ, ಮೈಸೂರು · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದವರು. ಆ ಕಾಲದಲ್ಲಿ ಅಮೆರಿಕದ ಯಾವುದೋ ಬಂದರಿನಲ್ಲಿ ಕೊಂಡು ತಂದಿದ್ದ ಪುಟ್ಟ ಗಿಟಾರ್ ಆಂಪ್ ಅಜ್ಜಿ ಮನೆಯ ಅಟ್ಟದಲ್ಲಿ ಹಳೇ ಚಾದರ ಹೊದ್ದು ಕೂತಿತ್ತು. ಮಾವ ಹೋಗಿ ಮೂರು ವರ್ಷ ಆಯ್ತು. ಅಟ್ಟ ಖಾಲಿ ಮಾಡುವಾಗ ನನ್ನ ಕೈಗೆ ಬಂತು.

ಮುಂದೆ ಬೆಳ್ಳಿ ಬಣ್ಣದ ಪಟ್ಟಿ, ಅದರ ಮೇಲೆ ಫೆಂಡರ್ ಚಾಂಪ್ ಅಂತಿದೆ. ವಾಲ್ಯೂಮ್, ಟ್ರೆಬಲ್, ಬಾಸ್ ಬಿಟ್ಟರೆ ಬೇರೆ ತಿರುಗಣೆ ಇಲ್ಲ. ಹಿಂದೆ ಮೂರು ವಾಲ್ವ್ (ಹಳೇ ರೇಡಿಯೋದಲ್ಲಿರೋ ಥರದ ಗಾಜಿನ ಬುರುಡೆ), ಎಂಟು ಇಂಚಿನ ಸ್ಪೀಕರ್. ತಂಗಿ ಅಮೆರಿಕದಿಂದ ತಂದ ಮಿಕ್ಸಿಗೆ ಅಂತ ಕೊಂಡಿದ್ದ ಸ್ಟೆಪ್‌ಡೌನ್ (ನಮ್ಮ 230 ವೋಲ್ಟನ್ನು ಅಮೆರಿಕದ ಮಟ್ಟಕ್ಕೆ ಇಳಿಸೋ ಟ್ರಾನ್ಸ್‌ಫಾರ್ಮರ್) ಮನೆಯಲ್ಲಿತ್ತು. ತಡೆಯೋಕಾಗಲಿಲ್ಲ, ಅದಕ್ಕೇ ಸಿಗಿಸಿ ಆನ್ ಮಾಡಿದೆ.

ಅರ್ಧ ನಿಮಿಷಕ್ಕೆ ಗುಂಯ್ ಅಂತ ಹಮ್ ಶುರು. ವಾಲ್ಯೂಮ್ ಸೊನ್ನೆಗಿಟ್ಟರೂ ಅಷ್ಟೇ. ಗಿಟಾರ್ ದನಿ ಬಾವಿಯೊಳಗಿಂದ ಬಂದ ಹಾಗೆ, ನಡುನಡುವೆ ಕರಕರ. ತಂತಿ ಮೇಲೆ ಒಂದು ಕೈ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಆಂಪಿನ ಪಟ್ಟಿ ಮುಟ್ಟಿದೆ, ಜುಂ ಅಂತು. ಎರಡೇ ನಿಮಿಷಕ್ಕೆ ಆಫ್ ಮಾಡಿದ್ದೀನಿ. ಸೋಲ್ಡರಿಂಗ್ ಬರುತ್ತೆ, ಪೆಡಲ್ ಕಿಟ್ ಮೂರ್ನಾಲ್ಕು ಜೋಡಿಸಿದ್ದೀನಿ. ವಾಲ್ವ್ ಮಾತ್ರ ಗೊತ್ತೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಜಾಲಹಳ್ಳಿ ನಿವೃತ್ತ, ಬೆಂಗಳೂರು

ಮೊದಲು ಪ್ಲಗ್ ಕಿತ್ತಿಡಿ. "ಜುಂ ಅಂತು" ಅಂತ ಇಷ್ಟು ಹಗುರವಾಗಿ ಬರೆದಿದ್ದೀರಲ್ಲ, ನನಗೆ ಅದನ್ನು ಓದಿಯೇ ಕೈ ನಡುಗಿತು. ಗಿಟಾರಿನ ತಂತಿ ಆಂಪಿನ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ ಸೇರಿರುತ್ತೆ. ಚಾಸಿ ಅರ್ತ್ ಆಗಿಲ್ಲ ಅಂದರೆ ನೀವೇ ಅದರ ಅರ್ತ್.

ವೈರಿನ ತುದಿ ನೋಡಿ ಹೇಳಿ: ಎರಡು ಪಿನ್ನೋ, ಮೂರೋ? ಆ ಸ್ಟೆಪ್‌ಡೌನ್‌ನ ಔಟ್‌ಪುಟ್ ಸಾಕೆಟ್‌ನಲ್ಲಿ ಅರ್ತ್ ತೂತು ಇದ್ದರೂ ಒಳಗೆ ವೈರ್ ಕೊಟ್ಟಿರುತ್ತಾರೆ ಅನ್ನೋ ನಂಬಿಕೆ ಬೇಡ. ಎಲ್ಲವನ್ನೂ ಸಿಗಿಸಿ, ಗೋಡೆಗೆ ಮಾತ್ರ ಹಾಕದೆ, ಆಂಪಿನ ಚಾಸಿಯಿಂದ ಗೋಡೆ ಪ್ಲಗ್ಗಿನ ದಪ್ಪ ಪಿನ್ನಿಗೆ ಕಂಟಿನ್ಯುಟಿ (ದಾರಿ ಕೂಡಿದೆಯಾ ಅಂತ) ನೋಡಿ. ಮೀಟರ್ ಕೂಗಬೇಕು. ಕೂಗದಿದ್ದರೆ ಮುಂದಿನ ಮಾತೇ ಇಲ್ಲ.

ಡಿಜಿಟಲ್ ದಾಸ

ಇದನ್ನ ಮಾರಿ ಒಂದು ಒಳ್ಳೇ ಮಾಡೆಲಿಂಗ್ ಆಂಪ್ ತಗೊಳ್ಳಿ ಬ್ರೋ. ಅದರಲ್ಲೂ ಚಾಂಪ್ ಸೌಂಡ್ ಇರುತ್ತೆ, ಶಾಕ್ ಇರಲ್ಲ.

ಹುಬ್ಬಳ್ಳಿ ರೇಡಿಯೋ

ದಾಸರ, ಮಾವನ ಆಂಪ್ ಮಾರಂತ ಹೇಳಾಕ ಇಲ್ಲಿಗೆ ಬರಬ್ಯಾಡ್ರಿ.

ತಮ್ಮಾ, ನಮ್ಮಪ್ಪಾರು ವಾಲ್ವ್ ರೇಡಿಯೋ ರಿಪೇರಿ ಮಾಡ್ತಿದ್ರು, ನಾನೂ ಅದರಾಗ ಬೆಳೆದಾಂವ. ಗಿಟಾರ್ ಬಾರಸಾಕ ನನಗ ಬರೂದಿಲ್ಲ. ಆದ್ರ ಈ ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್‌ಗೂ ಬರ್ತಿರಲಿಲ್ಲ ನೋಡು. ಆತನೂ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಾಗ ರೇಡಿಯೋ ರಿಪೇರಿ ಅಂಗಡಿ ಇಟ್ಟಾಂವ. ಹಿಂಗಾಗಿ ಒಳಗ ತೆಗೆದು ನೋಡಿದ್ರ ನಿನಗ ಒಂದು ಹಳೇ ರೇಡಿಯೋದ ಹಿಂದಿನ ಅರ್ಧಾನೇ ಕಾಣತೈತಿ. ಎ.ಸಿ.ನ ಡಿ.ಸಿ. ಮಾಡೂ ಒಂದು ರೆಕ್ಟಿಫೈಯರ್, ಸ್ಪೀಕರ್ ದುಡಿಸೂ ಒಂದು ಔಟ್‌ಪುಟ್ ವಾಲ್ವ್, ಗಿಟಾರಿನ ಸಣ್ಣ ದನಿ ಮೊದಲ ದೊಡ್ಡದು ಮಾಡೂ ಒಂದು ಮುಂದಿನ ವಾಲ್ವ್. ಅಷ್ಟ. ಅಂಜಬ್ಯಾಡ. ಆದ್ರ ಅವಸರಾನೂ ಮಾಡಬ್ಯಾಡ.

ಒಂದು ಸೀರೀಸ್ ಬೋರ್ಡ್ ಕಟ್ಟಿಕೋ. ಫೇಸ್ ವೈರಿನ ನಡಕ ಒಂದು ಬಲ್ಬ್ ಹೋಲ್ಡರ್, ಅದರಾಗ 60 ವ್ಯಾಟಿನ ಹಳೇ ತಂತಿ ಬಲ್ಬ್. ಎಲ್‌ಇಡಿ ನಡಿಯೂದಿಲ್ಲ. ಒಳಗ ಶಾರ್ಟ್ ಇದ್ರ ಬಲ್ಬ್ ಪೂರ್ತಿ ಉರಿತೈತಿ, ಆಂಪ್ ಉಳಿತೈತಿ. ಬೋರ್ಡ್ ಸ್ಟೆಪ್‌ಡೌನ್‌ಗಿಂತ ಮೊದಲ, 230ರ ಕಡೆ ಬರಬೇಕು.

ಆರನೇ ತಂತಿ

ಸರ್, ನೋಡಿದೆ. ವೈರ್ ಮೂರು ಪಿನ್ನಿನದೇ, ಆದರೆ ಅರ್ತ್ ಪಿನ್ನನ್ನು ಯಾರೋ ಕತ್ತರಿಸಿದ್ದಾರೆ. ಸ್ಟೆಪ್‌ಡೌನ್‌ನಲ್ಲೂ ಅರ್ತ್ ತೂತು ಬರೀ ತೋರಿಕೆಗೆ. ಎರಡನ್ನೂ ಸರಿ ಮಾಡಿದೆ, ಈಗ ಮೀಟರ್ ಕೂಗುತ್ತೆ.

ಅಣ್ಣಾ, ತಂತಿ ಬಲ್ಬಿಗೆ ಮೂರು ಎಲೆಕ್ಟ್ರಿಕಲ್ ಅಂಗಡಿ ಸುತ್ತಿದೆ, ಎಲ್ಲರೂ ನಕ್ಕರು. ಕೊನೆಗೆ ಸಿಕ್ಕಿದ್ದು ಕೋಳಿ ಫಾರಂ ಸಾಮಾನು ಮಾರುವವರ ಹತ್ತಿರ. ಮರಿಗಳನ್ನ ಬೆಚ್ಚಗಿಡೋಕೆ ಇಟ್ಟುಕೊಂಡಿದ್ದಾರೆ.

ಫ್ರೀಮಾಂಟ್ ಕನ್ನಡಿಗ, ಕ್ಯಾಲಿಫೋರ್ನಿಯಾ

ಟ್ರಾನ್ಸ್‌ಫಾರ್ಮರ್ ಮೇಲೆ, ಸ್ಪೀಕರ್ ಅಂಚಿನ ಮೇಲೆ ಆರಂಕಿಯ ನಂಬರ್ ಇರುತ್ತೆ, ಓದಿ ಹೇಳ್ತೀರಾ?

ಆರನೇ ತಂತಿ

ಟ್ರಾನ್ಸ್‌ಫಾರ್ಮರ್ ಮೇಲೆ 606119. ಸ್ಪೀಕರ್ ಮೇಲೆ 465 ಕಾಣುತ್ತೆ, ಉಳಿದದ್ದು ಅಳಿಸಿದೆ.

ಫ್ರೀಮಾಂಟ್ ಕನ್ನಡಿಗ

ಚೆನ್ನಾಗಿದೆ! ಮೊದಲ ಮೂರಂಕಿ ತಯಾರಕರ ಗುರುತು. 606 ಅಂದರೆ ಶೂಮಾಕರ್ ಟ್ರಾನ್ಸ್‌ಫಾರ್ಮರ್, 465 ಅಂದರೆ ಆಕ್ಸ್‌ಫರ್ಡ್ ಸ್ಪೀಕರ್. ಆಮೇಲಿನ 1 ಇಸವಿಯ ಕೊನೇ ಅಂಕಿ, 19 ವಾರ. ಬೆಳ್ಳಿ ಮುಖದ ಆಂಪ್‌ಗಳು ಬಂದದ್ದೇ 1968ರ ಹೊತ್ತಿಗೆ, ಹಾಗಾಗಿ 1961 ಅಲ್ಲ, 1971ರ ಮೇ ತಿಂಗಳು. ಆಂಪ್ ಜೋಡಿಸಿದ್ದು ಅದಾದ ಮೇಲೆ. ಲಿಯೋ ಕಂಪನಿಯನ್ನು ಸಿಬಿಎಸ್ ಅನ್ನೋ ಪ್ರಸಾರ ಕಂಪನಿಗೆ ಮಾರಿದ್ದು 1965ರಲ್ಲಿ. ಅದಾದ ಮೇಲಿನದು ಅಂತ ಇಲ್ಲಿ ಕೆಲವರು ಮೂಗು ಮುರೀತಾರೆ. ಕಿವಿಗೆ ಹಾಕ್ಕೋಬೇಡಿ, ಚಾಂಪ್ ಸರ್ಕ್ಯೂಟ್ ಹಾಳು ಮಾಡೋಕೆ ಅದರಲ್ಲಿ ಏನೂ ಇಲ್ಲ.

ಒಂದು ಎಚ್ಚರಿಕೆ. ಅದರ ಟ್ರಾನ್ಸ್‌ಫಾರ್ಮರ್ 117 ವೋಲ್ಟ್, 60 ಹರ್ಟ್ಸ್‌ಗೆ ಸುತ್ತಿದ್ದು. ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತೆ, 50 ಹರ್ಟ್ಸ್ ಅನ್ನು 60 ಮಾಡಲ್ಲ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಕಬ್ಬಿಣದ ಮೇಲೆ ಹೊರೆ ಜಾಸ್ತಿ. ನಿಮ್ಮ ಸ್ಟೆಪ್‌ಡೌನ್ ಎಷ್ಟು ಕೊಡ್ತಿದೆ ಅಳೆಯಿರಿ. 120 ದಾಟಿದರೆ ನನಗೆ ಭಯ, 110ರ ಆಸುಪಾಸು ಇದ್ದರೆ ಪರವಾಗಿಲ್ಲ.

ಆರನೇ ತಂತಿ

112 ಬರ್ತಿದೆ.

ಫ್ರೀಮಾಂಟ್ ಕನ್ನಡಿಗ

112ನ್ನು 50ರಿಂದ ಭಾಗಿಸಿ, 117ನ್ನು 60ರಿಂದ ಭಾಗಿಸಿ, ಎರಡನ್ನೂ ಹೋಲಿಸಿ. ಸುಮಾರು ಶೇಕಡ 15 ಹೆಚ್ಚು ಹೊರೆ. ತಡಕೊಳ್ಳುತ್ತೆ. ಎಲ್ಲ ಸರಿಯಾದ ಮೇಲೆ ಒಂದು ಗಂಟೆ ಓಡಿಸಿ, ಆಫ್ ಮಾಡಿ, ಟ್ರಾನ್ಸ್‌ಫಾರ್ಮರ್ ಮೇಲೆ ಅಂಗೈ ಇಡಿ. ಹತ್ತು ಎಣಿಸುವವರೆಗೆ ಇಡೋಕಾದರೆ ಸಾಕು.

ಕರಾವಳಿ ಕಾರ್ಡ್ಸ್, ಮಂಗಳೂರು

ಅಲ್ಲ ಮಾರಾಯ್ರೆ, ಹಮ್ ಯಾವ ಹಮ್ ಅಂತ ಯಾರೂ ಕೇಳ್ಲೇ ಇಲ್ವಲ್ಲ? ನೀವು ಗಿಟಾರಿಸ್ಟ್ ಅಲ್ವಾ, ಕಿವಿ ಉಂಟಲ್ಲ. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಬಾರಿಸಿ. ಅದು ಜಿ, 98 ಹರ್ಟ್ಸ್. ಹಮ್ ಅದಕ್ಕೆ ಹೆಚ್ಚುಕಡಿಮೆ ಕೂಡಿದ್ರೆ 100 ಹರ್ಟ್ಸ್, ಅಂದ್ರೆ ಪವರ್ ಸಪ್ಲೈ ಫಿಲ್ಟರ್, ಡಿ.ಸಿ.ಯ ಏರಿಳಿತ ಸಮ ಮಾಡುವ ಕೆಪಾಸಿಟರ್, ಹೋಗಿದೆ. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ರೆ 50, ವಾಲ್ವ್ ಕಾಯಿಸುವ ಹೀಟರ್‌ನ ವೈರಿಂಗ್ ಅಥವಾ ಅರ್ತ್ ಕಡೆಗೆ ನೋಡ್ಬೇಕು. ಗಿಟಾರ್ ಬೇರೆ ಕಡೆ ಸಿಗಿಸಿ ಬಾರಿಸಿ, ಆಯ್ತಾ, ಈ ಆಂಪಲ್ಲಿ ಅಲ್ಲ.

ಫ್ರೀಮಾಂಟ್ ಕನ್ನಡಿಗ

ಇದು ಬಹಳ ಚಂದ. ನಮ್ಮಲ್ಲಿ ಕರೆಂಟ್ 60, ಹಮ್ 120. ಎ ಶಾರ್ಪ್‌ಗೂ ಬಿಗೂ ಸರಿಯಾಗಿ ನಡುವೆ ಬೀಳುತ್ತೆ, ಯಾವ ಸ್ವರಕ್ಕೂ ಸೇರಲ್ಲ. ಊರಿನ ಹಮ್ಮೇ ಶ್ರುತಿಯಲ್ಲಿದೆ ಅಂತಾಯ್ತು.

ಆರನೇ ತಂತಿ · ಸೋಮವಾರ

ಸೀರೀಸ್ ಬೋರ್ಡ್‌ನಲ್ಲಿ ಹಾಕಿದೆ. ಬಲ್ಬ್ ಪಕ್ಕನೆ ಹೊಳೆದು, ಮಂಕಾಯ್ತು. ಆಮೇಲೆ ನಸುಗೆಂಪಾಗಿ ಉಳೀತು. ಶಾರ್ಟ್ ಇಲ್ಲ ಅಂತ ಅರ್ಥ ತಾನೇ? ಹಮ್ ಮೂರನೇ ಫ್ರೆಟ್‌ಗಿಂತ ಕೂದಲೆಳೆ ಮೇಲೆ. ಕರಾವಳಿಯವರೇ, ಶರಣು.

ಚಾಸಿ ಹೊರಗೆ ತೆಗೆದೆ. ಕಪ್ಪು ಫೈಬರ್ ಹಲಗೆ, ಅದರ ಮೇಲೆ ಮೇಣ ಬಳಿದಿದ್ದಾರೆ. ಮಾವನ ಕಾಲದಲ್ಲೇ ಯಾರೋ ಕೈ ಹಾಕಿದ್ದಾರೆ: ಒಂದೆರಡು ಕಡೆ ಸೋಲ್ಡರ್ ಮಂಕಾಗಿ ಗುಡ್ಡೆಗುಡ್ಡೆ. ಫ್ಯೂಸ್ ತೆಗೆದು ನೋಡಿದರೆ, ಗಾಜಿನ ಕೊಳವೆ ಮೇಲೆ ತಾಮ್ರದ ತಂತಿ ಸುತ್ತಿದ್ದಾರೆ! ಅಂದರೆ ನಾನು ಶನಿವಾರ ಎರಡು ನಿಮಿಷ ಫ್ಯೂಸೇ ಇಲ್ಲದೆ ಓಡಿಸಿದ್ದೀನಿ.

ಹುಬ್ಬಳ್ಳಿ ರೇಡಿಯೋ

ನಮ್ಮ ದೇಶದಾಗ ಫ್ಯೂಸ್ ಹೋತಂದ್ರ ಯಾಕ ಹೋತು ಅಂತ ಕೇಳೂದಿಲ್ಲ, ಅದಕ್ಕಿಂತ ದಪ್ಪ ತಂತಿ ಹುಡುಕ್ತಾರ. ಒಂದು ಆಂಪಿಯರ್ ಫ್ಯೂಸ್ ಹಾಕು.

ಮತ್ತ ಕೇಳು, ಚಾಸಿ ಹೊರಗ ಐತಿ ಅಂದ್ರ ಆಫ್ ಮಾಡಿದ ಮ್ಯಾಲೂ ಫಿಲ್ಟರ್ ಕಂಡೆನ್ಸರ್‌ನಾಗ (ನೀವು ಕೆಪಾಸಿಟರ್ ಅಂತೀರಲ್ಲ, ಅದ) 300 ವೋಲ್ಟಿನ ಮ್ಯಾಲ ಕುಂತಿರಬಹುದು. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರ್‌ಗೆ ಎರಡು ಕ್ಲಿಪ್ ಕಟ್ಟಿ, ಒಂದು ಚಾಸಿಗೆ, ಒಂದು ಕಂಡೆನ್ಸರ್‌ಗೆ ಹಿಡಿ. ಎರಡು ಮೂರು ಸೆಕೆಂಡಿನಾಗ ಖಾಲಿ ಆಕ್ಕೈತಿ. ಸ್ಕ್ರೂಡ್ರೈವರ್ ಹಚ್ಚಿ ಢಬ್ ಅನಿಸಬ್ಯಾಡ. ಖಾಲಿ ಆತಿಲ್ಲೋ ಮೀಟರ್ ಹಚ್ಚಿ ನೋಡು. ಕರೆಂಟ್ ಇದ್ದಾಗ ಅಳಿಯೂ ಹೊತ್ತಿನಾಗ ಒಂದು ಕೈ ಕಿಸೇದಾಗ ಇರಲಿ. ನಮ್ಮಪ್ಪಾರು ಇದನ್ನ ಬೈದು ಬೈದು ಕಲಿಸ್ಯಾರ.

ಜಾಲಹಳ್ಳಿ ನಿವೃತ್ತ

100 ಹರ್ಟ್ಸ್ ಅಂದಮೇಲೆ ಫಿಲ್ಟರ್ ಕೆಪಾಸಿಟರ್ ಡಬ್ಬಿಯನ್ನು ಅನುಮಾನಿಸಬಹುದು. ಆದರೆ ಅನುಮಾನದ ಮೇಲೆ ಬಿಡಿಭಾಗ ಬದಲಿಸಬೇಡಿ, ಅಳೆಯಿರಿ. ಮೀಟರನ್ನು ಎ.ಸಿ.ಗೆ ಇಟ್ಟು ಮೊದಲ ಕೆಪಾಸಿಟರ್ ಮೇಲೆ ಎಷ್ಟು ಬರುತ್ತೆ ನೋಡಿ. ಈ ಆಂಪ್ ಎಳೆಯೋದು ಸುಮಾರು 50 ಮಿಲಿಆಂಪ್. 20 ಮೈಕ್ರೋಫ್ಯಾರಡ್ ಆರೋಗ್ಯವಾಗಿದ್ದರೆ ಲೆಕ್ಕದ ಪ್ರಕಾರ 7 ವೋಲ್ಟ್ ಒಳಗೇ ಇರಬೇಕು.

ದೊಡ್ಡ ಪುಶ್‌ಪುಲ್ ಆಂಪ್‌ಗಳಲ್ಲಿ ಎರಡು ಔಟ್‌ಪುಟ್ ವಾಲ್ವ್ ಎದುರುಬದುರು ಕೆಲಸ ಮಾಡೋದರಿಂದ ಇಂಥ ಹಮ್ ಬಹುಮಟ್ಟಿಗೆ ತಂತಾನೇ ಕಳೆದುಹೋಗುತ್ತೆ. ನಿಮ್ಮದು ಒಂಟಿ ವಾಲ್ವ್. ಫಿಲ್ಟರ್ ಸ್ವಲ್ಪ ಸೊರಗಿದರೂ ಸ್ಪೀಕರಿನಲ್ಲಿ ಕೇಳುತ್ತೆ.

ಆರನೇ ತಂತಿ

23 ವೋಲ್ಟ್ ಸರ್.

ಜಾಲಹಳ್ಳಿ ನಿವೃತ್ತ

ಹಾಗಾದರೆ ತೀರ್ಮಾನವಾಯಿತು. ಈ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ಇರೋದು ಒದ್ದೆ ಕಾಗದ. ಐವತ್ತು ವರ್ಷಕ್ಕೆ ಅದು ಒಣಗದೆ ಇನ್ನೇನಾಗುತ್ತೆ?

22 ಮೈಕ್ರೋಫ್ಯಾರಡ್, 450 ವೋಲ್ಟಿನವು ತನ್ನಿ. ಮನೆಯಲ್ಲಿ ಹಳೇ ಸಿಎಫ್‌ಎಲ್, ಕಂಪ್ಯೂಟರ್ ಸಪ್ಲೈಗಳಿಂದ ಬಿಚ್ಚಿದ 400 ವೋಲ್ಟಿನವು ಇರಬಹುದು, ಬೇಡ. ಕಾರಣ ಹೇಳ್ತೀನಿ. ನಿಮ್ಮ 5ವೈ3 ರೆಕ್ಟಿಫೈಯರ್ ಕೆಲವೇ ಸೆಕೆಂಡಿನಲ್ಲಿ ಕಾದುಬಿಡುತ್ತೆ. ಕರೆಂಟ್ ಎಳೆಯಬೇಕಾದ ಔಟ್‌ಪುಟ್ ವಾಲ್ವ್ 6ವಿ6 ಕಾಯೋಕೆ ಇನ್ನೂ ಹೊತ್ತು ಬೇಕು. ಆ ನಡುವಿನ ಹೊತ್ತಿನಲ್ಲಿ ಲೋಡ್ ಇಲ್ಲದೆ ವೋಲ್ಟೇಜ್ ಏರಿ ನಿಲ್ಲುತ್ತೆ. 500 ವೋಲ್ಟಿನವು ಸಿಕ್ಕರೆ ಇನ್ನೂ ಒಳ್ಳೇದು. ದೊಡ್ಡದು ಹಾಕಿದರೆ ಹಮ್ ಪೂರ್ತಿ ಹೋಗುತ್ತೆ ಅಂತ ಮೊದಲ ಜಾಗದಲ್ಲಿ 100 ಮೈಕ್ರೋಫ್ಯಾರಡ್ ಇಡಬೇಡಿ. ಪ್ರತಿ ಸಲ ಆನ್ ಮಾಡಿದಾಗಲೂ ಅದನ್ನು ತುಂಬಿಸೋಕೆ ಹೋಗಿ 5ವೈ3 ಸಾಯುತ್ತೆ.

ಆರನೇ ತಂತಿ · ಗುರುವಾರ

ನಿನ್ನೆ ಆಫೀಸ್ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಎಸ್.ಪಿ. ರೋಡ್‌ಗೆ ನುಗ್ಗಿ ತಂದೆ. ಹಳೇ ಡಬ್ಬಿಯನ್ನು ಅಂದಕ್ಕೆ ಮೇಲೆ ಹಾಗೇ ಬಿಟ್ಟು, ಅದರ ವೈರ್‌ಗಳನ್ನೆಲ್ಲ ಬಿಡಿಸಿ, ಹೊಸವನ್ನು ಚಾಸಿ ಒಳಗೆ ಕೂರಿಸಿದೆ. ರಾತ್ರಿ ಹನ್ನೊಂದಕ್ಕೆ ಸೀರೀಸ್ ಬೋರ್ಡ್, ಆಮೇಲೆ ನೇರ ಕರೆಂಟ್. ಹಮ್ ಇಲ್ಲ! ಅಂದರೆ ಇದೆ, ಸ್ಪೀಕರಿಗೆ ಕಿವಿ ಕೊಟ್ಟರೆ ಮಾತ್ರ.

ಖುಷಿ ಹತ್ತು ನಿಮಿಷ. ಗಿಟಾರ್ ಇನ್ನೂ ಬಾವಿಯೊಳಗೇ, ಜೋರಾಗಿ ಬಾರಿಸಿದರೆ ಒಡೆದು ಒಂದು ಕ್ಷಣ ದನಿಯೇ ಕಟ್ಟಿಹೋಗುತ್ತೆ. ಲೈಟ್ ಆರಿಸಿ ವಾಲ್ವ್ ಹೊಳಪು ನೋಡೋಣ ಅಂತ ಹಿಂದೆ ಬಗ್ಗಿದರೆ, 6ವಿ6ನ ಬೂದು ಬಣ್ಣದ ಪ್ಲೇಟು ಮಧ್ಯದಲ್ಲಿ ಕಾದ ಕಬ್ಬಿಣದ ಥರ ಕೆಂಪು. ಆಫ್ ಮಾಡಿದೆ. ಆಮೇಲೆ ಧೈರ್ಯ ಮಾಡಿ ಅರ್ಧರ್ಧ ನಿಮಿಷ ಆನ್ ಮಾಡಿ ಅಳೆದೆ:

3ನೇ ಪಿನ್ (ಪ್ಲೇಟ್) 330 ವೋಲ್ಟ್. 8ನೇ ಪಿನ್ (ಕ್ಯಾಥೋಡ್) 29 ವೋಲ್ಟ್. ಕ್ಯಾಥೋಡ್ ರೆಸಿಸ್ಟರ್ 470 ಅಂತಿದೆ, ಅಳೆದರೆ 482. 5ನೇ ಪಿನ್ (ಗ್ರಿಡ್) 7 ವೋಲ್ಟ್.

ಒಂದು ವಿಚಿತ್ರ, ಮುಖ್ಯವೋ ಅಲ್ಲವೋ ಗೊತ್ತಿಲ್ಲ: 5ನೇ ಪಿನ್ನಿನ ಮೇಲೆ ಪ್ರೋಬ್ ಇಟ್ಟ ಕೂಡಲೇ ಪ್ಲೇಟಿನ ಕೆಂಪು ಸ್ವಲ್ಪ ಮಂಕಾಗುತ್ತೆ. ತೆಗೆದರೆ ಮತ್ತೆ ಕೆಂಪು.

ಫ್ರೀಮಾಂಟ್ ಕನ್ನಡಿಗ

29ನ್ನು 482ರಿಂದ ಭಾಗಿಸಿದರೆ 60 ಮಿಲಿಆಂಪ್. ಪ್ಲೇಟ್ ಕ್ಯಾಥೋಡ್ ನಡುವೆ 301 ವೋಲ್ಟ್. 18 ವ್ಯಾಟ್ ಆಯ್ತು. ಸ್ಕ್ರೀನ್ (ವಾಲ್ವ್ ಒಳಗಿನ ಇನ್ನೊಂದು ಜಾಲರಿ) ಎಳೆಯೋ ಪಾಲು ಕಳೆದರೂ 16ರ ಮೇಲೆ. ಹಳೇ 6ವಿ6ಜಿಟಿಯ ಮಿತಿ 12 ವ್ಯಾಟ್. ಕೆಂಪಾಗದೆ ಇರುತ್ತಾ?

ಗ್ರಿಡ್ ಅಂದರೆ ಕ್ಯಾಥೋಡ್‌ನಿಂದ ಪ್ಲೇಟಿಗೆ ಹರಿಯೋ ಕರೆಂಟಿಗೆ ನಲ್ಲಿ ಇದ್ದ ಹಾಗೆ, ಅದು ಸೊನ್ನೆ ಇರಬೇಕು. ಅಲ್ಲಿ ಪಾಸಿಟಿವ್ 7 ಅಂದರೆ ಮುಂದಿನ ವಾಲ್ವ್‌ನಿಂದ ಬರೋ 0.022 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ (ದನಿ ದಾಟಿಸಿ ಡಿ.ಸಿ. ತಡೆಯೋದು) ಸೋರ್ತಿದೆ. ಎಲ್ಲರೂ ಮೊದಲು ಹಿಡಿಯೋದು ಅದನ್ನೇ. ಬದಲಿಸಿ, ಮುಗೀತು.

ಕರಾವಳಿ ಕಾರ್ಡ್ಸ್

ನನ್ನದೂ ಓಟು ಕಪ್ಲಿಂಗ್ ಕೆಪಾಸಿಟರಿಗೆ.

ಹುಬ್ಬಳ್ಳಿ ರೇಡಿಯೋ

ತಡೀರಿ, ಓಟಿಂಗ್ ಮಾಡಿ ರಿಪೇರಿ ಆಗೂದಿಲ್ಲ. 6ವಿ6 ಕಿತ್ತು ತೆಗಿ, ಆಮ್ಯಾಲ 5ನೇ ಪಿನ್ ಅಳಿ. ವೋಲ್ಟ್ ಹಂಗ ಉಳಿದ್ರ ಕಂಡೆನ್ಸರ್ ಕಳ್ಳ. ಸೊನ್ನೆ ಆದ್ರ ವಾಲ್ವ್ ಕಳ್ಳ.

ಆರನೇ ತಂತಿ

ಕಿತ್ತೆ. ಸೊನ್ನೆ. 0.0 ಅಂತ ನಿಂತಿದೆ.

ಹುಬ್ಬಳ್ಳಿ ರೇಡಿಯೋ

ಹಂಗಾರ ವಾಲ್ವ್‌ನಾಗ ಗ್ಯಾಸ್ ಆಗೇತಿ, ಅಂದ್ರ ಒಳಗಿನ ನಿರ್ವಾತ ಕೆಟ್ಟೈತಿ. ನನ್ನ ಡಬ್ಬ್ಯಾಗ ಹಳೇ ರೇಡಿಯೋದಿಂದ ಕಿತ್ತ 6ವಿ6 ಎರಡದಾವು, ಛಲೋ ಅದಾವು. ಬಸ್ಸಿನಾಗ ಪಾರ್ಸಲ್ ಇಡ್ತೀನಿ. ರೊಕ್ಕ ಬ್ಯಾಡ. ಒಂದು ವಾಪಸ್ ಕಳಸು, ಸಾಕು.

ಆರನೇ ತಂತಿ · ಶನಿವಾರ

ಅಣ್ಣನ ಪಾರ್ಸಲ್ ಬಂತು. ಹಳೇ ಪಂಚೆ ಚೂರಿನಲ್ಲಿ ಸುತ್ತಿ, ಅವಲಕ್ಕಿ ತುಂಬಿದ ಡಬ್ಬಿಯಲ್ಲಿಟ್ಟಿದ್ದರು. ಅವಲಕ್ಕಿ ನಮಗೇ ಅಂತ ಅಮ್ಮ ತೀರ್ಮಾನಿಸಿದ್ದಾರೆ.

ಆದರೆ ಮೊದಲನೇ ವಾಲ್ವ್ ಹಾಕಿದೆ, 5ನೇ ಪಿನ್ 5 ವೋಲ್ಟ್. ಎರಡನೇದು ಹಾಕಿದೆ, 6 ವೋಲ್ಟ್. ಎರಡೂ ಕೆಂಪಾಗ್ತಿವೆ. ಮೂರು ವಾಲ್ವೂ ಹಾಳಾಗಿರೋಕೆ ಸಾಧ್ಯವಾ? ಕೆಪಾಸಿಟರ್ ಸೋರ್ತಿಲ್ಲ, ವಾಲ್ವ್ ಅಲ್ಲ. ಮತ್ತೆ ಈ ವೋಲ್ಟ್ ಎಲ್ಲಿಂದ ಬರ್ತಿದೆ?

ಡಿಜಿಟಲ್ ದಾಸ

ನಾನು ಮೊದಲೇ ಹೇಳಿದ್ದೆ.

ಜಾಲಹಳ್ಳಿ ನಿವೃತ್ತ

ಗುರುವಾರ ನೀವು ಬರೆದ ಒಂದು ಸಾಲನ್ನು ನಾವ್ಯಾರೂ ಗಮನಿಸಲಿಲ್ಲ. ನಾನೂ ದಾಟಿಕೊಂಡು ಹೋದೆ. ಪ್ರೋಬ್ ಇಟ್ಟರೆ ಕೆಂಪು ಮಂಕಾಗುತ್ತೆ ಅಂದಿರಿ. ಮೀಟರ್ ಬರೀ ನೋಡುತ್ತೆ ಅಂದುಕೊಂಡಿದ್ದೇವೆ. ಅದು ನೋಡೋದಷ್ಟೇ ಅಲ್ಲ, ಸರ್ಕ್ಯೂಟಿಗೆ ಸೇರಿಕೊಳ್ಳುತ್ತೆ ಕೂಡ. ನಿಮ್ಮ ಡಿಜಿಟಲ್ ಮೀಟರಿನ ಒಳಗೆ ಪ್ರೋಬ್‌ನಿಂದ ಪ್ರೋಬ್‌ಗೆ 10 ಮೆಗಾಓಮ್ ಇದೆ.

6ವಿ6ನ ಗ್ರಿಡ್‌ನಿಂದ ಚಾಸಿಗೆ 220 ಕಿಲೋಓಮ್‌ನ ರೆಸಿಸ್ಟರ್ ಇರಬೇಕು. ಕಾದ ವಾಲ್ವ್‌ನ ಗ್ರಿಡ್ಡಿನಲ್ಲಿ ಚೂರುಪಾರು ಕರೆಂಟ್ ಹುಟ್ಟುತ್ತೆ, ಅದು ಇಳಿದು ಹೋಗಬೇಕಾದ ದಾರಿ ಅದು. 7 ವೋಲ್ಟನ್ನು 10 ಮೆಗಾಓಮ್‌ನಿಂದ ಭಾಗಿಸಿ, 0.7 ಮೈಕ್ರೋಆಂಪ್. ಅಷ್ಟೇ ಕರೆಂಟ್ 220 ಕಿಲೋಓಮ್ ಮೂಲಕ ಹೋಗಿದ್ದರೆ ನೀವು 0.15 ವೋಲ್ಟ್ ನೋಡುತ್ತಿದ್ದಿರಿ. ಅಂದರೆ ಆ ರೆಸಿಸ್ಟರ್ ಈಗ ಸರ್ಕ್ಯೂಟಿನಲ್ಲೇ ಇಲ್ಲ. ನೀವು ಪ್ರೋಬ್ ಇಟ್ಟಾಗ ನಿಮ್ಮ ಮೀಟರೇ ಆ ರೆಸಿಸ್ಟರ್ ಆಗುತ್ತೆ, ಗ್ರಿಡ್ಡಿಗೆ ಒಂದು ದಾರಿ ಸಿಗುತ್ತೆ, ಕೆಂಪು ಇಳಿಯುತ್ತೆ. ತೆಗೆದರೆ ಗ್ರಿಡ್ ಮತ್ತೆ ಗಾಳಿಯಲ್ಲಿ.

ವಾಲ್ವ್ ಕಿತ್ತಾಗ ಸೊನ್ನೆ ಬಂದದ್ದಕ್ಕೂ ಇದೇ ಕಾರಣ. ಕರೆಂಟ್ ಹುಟ್ಟಿಸುವವನೇ ಇಲ್ಲ, ಮೀಟರ್ ಉಳಿದದ್ದನ್ನು ಇಳಿಸಿಬಿಟ್ಟಿತು. ಹುಬ್ಬಳ್ಳಿಯವರ ಪರೀಕ್ಷೆ ತಪ್ಪಲ್ಲ. ಅದು ರೆಸಿಸ್ಟರ್ ಇದೆ ಅಂತ ಮೊದಲೇ ನಂಬಿಕೊಂಡ ಪರೀಕ್ಷೆ.

ಈ ರೆಸಿಸ್ಟರಿಗೆ ಮಿತಿಯೂ ಉಂಟು. 6ವಿ6ನ ಡೇಟಾಶೀಟ್ ಪ್ರಕಾರ ಕ್ಯಾಥೋಡ್ ಬಯಾಸ್ ಇದ್ದರೆ (ನಿಮ್ಮ 470ರ ಹಾಗೆ ಕ್ಯಾಥೋಡ್‌ನಲ್ಲಿ ರೆಸಿಸ್ಟರ್ ಇಟ್ಟಿದ್ದರೆ) ಗ್ರಿಡ್ ದಾರಿ ಅರ್ಧ ಮೆಗಾಓಮ್ ದಾಟಬಾರದು. ನಿಮ್ಮಲ್ಲಿ ದಾರಿಯೇ ಇಲ್ಲ.

ಕರೆಂಟ್ ತೆಗೆದು, ಖಾಲಿ ಮಾಡಿ, 5ನೇ ಪಿನ್ನಿನಿಂದ ಚಾಸಿಗೆ ಓಮ್ಸ್ ಅಳೆಯಿರಿ.

ಹುಬ್ಬಳ್ಳಿ ರೇಡಿಯೋ

ಸರ, ಕೈ ಮುಗದೆ. ನಲವತ್ತು ವರ್ಷದಿಂದ ಈ ಟೆಸ್ಟ್ ಮಾಡಾಕತ್ತೀನಿ, ಈ ಸಂದಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆರನೇ ತಂತಿ

ಸರ್! ಮೀಟರ್ ಓ.ಎಲ್. ತೋರಿಸ್ತಿದೆ, ಅಂದರೆ ದಾರಿಯೇ ಇಲ್ಲ!

ಆದರೆ ರೆಸಿಸ್ಟರ್‌ನ ಎರಡೂ ಕಾಲಿಗೆ ಹಿಡಿದರೆ 236 ಕಿಲೋಓಮ್ ಬರುತ್ತೆ. ರೆಸಿಸ್ಟರ್ ಚೆನ್ನಾಗೇ ಇದೆ. ನೋಡೋಕೆ ಎಲ್ಲಾ ಜಾಯಿಂಟೂ ಗಟ್ಟಿಯಾಗಿವೆ.

ಕರಾವಳಿ ಕಾರ್ಡ್ಸ್

ಕಡ್ಡಿ ತಗೊಂಡು ಕುಟ್ಟಿ ನೋಡಿ. ಮರದ್ದು ಅಥವಾ ಬಿದಿರಿದ್ದು. ಒಂದೊಂದೇ ಜಾಯಿಂಟನ್ನು ಮೆಲ್ಲ ಒತ್ತಿ, ಮೀಟರ್ ಹಾಗೇ ಹಿಡಿದಿರ್ಲಿ.

ಆರನೇ ತಂತಿ · ಭಾನುವಾರ

ಮೈಸೂರಿನಲ್ಲಿ ಬಿದಿರು ಕಡ್ಡಿಗೆ ಬರವೇ? ದೇವರ ಮನೆಯಿಂದ ಊದುಬತ್ತಿ ತಂದು, ಮಸಿ ಇರೋ ಭಾಗ ಮುರಿದು ಬಿಸಾಕಿ, ಬುಡದ ಬರೀ ಕಡ್ಡಿಯಲ್ಲಿ ಕುಟ್ಟುತ್ತಾ ಹೋದೆ. ಚಾಸಿ ತುಂಬಾ ಮಲ್ಲಿಗೆ ವಾಸನೆ.

ರೆಸಿಸ್ಟರ್‌ನ ಅರ್ತ್ ಕಡೆಯ ಕಾಲು ಒಂದು ಹಿತ್ತಾಳೆ ರಂಧ್ರದೊಳಗೆ ಇಳಿಯುತ್ತೆ. ಅಲ್ಲಿ ಹಿಂದೆ ಯಾರೋ ಪಕ್ಕದ ಕ್ಯಾಥೋಡ್ ಕೆಪಾಸಿಟರ್ ಬದಲಿಸಿದಾಗ ಹಳೇ ಸೋಲ್ಡರ್ ಪೂರ್ತಿ ಕರಗಿಸದೆ ಮೇಲೊಂದು ಗುಡ್ಡೆ ಇಟ್ಟಿದ್ದಾರೆ. ಕಡ್ಡಿ ಅಲ್ಲಿಗೆ ತಾಗಿದ್ದೇ ಮೀಟರ್ ಓ.ಎಲ್.ನಿಂದ 236ಕ್ಕೆ, 236ರಿಂದ ಓ.ಎಲ್.ಗೆ ಕುಣೀತು. ಭೂತಗನ್ನಡಿ ಹಿಡಿದರೆ ಕಾಲಿನ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಉಂಗುರ. ಸೋಲ್ಡರ್ ಕಾಲನ್ನು ತಬ್ಬಿಕೊಂಡಿದೆ, ಅಂಟಿಕೊಂಡಿಲ್ಲ. ಮೊದಲ ದಿನದ ಕರಕರ ಇದೇ ಇರಬೇಕು. ಆಗ ಒಮ್ಮೆ ಮುಟ್ಟುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಕೆಪಾಸಿಟರ್ ಹಾಕುವಾಗ ನಾನು ಹಲಗೆ ಅಲುಗಾಡಿಸಿದ ಮೇಲೆ ಪೂರ್ತಿ ಬಿಟ್ಟುಹೋಗಿದೆ.

ಹಳೇ ಸೋಲ್ಡರ್ ಎಲ್ಲಾ ಹೀರಿ ತೆಗೆದು, ಕಾಲು ಕೆರೆದು ಹೊಳಪು ಬರಿಸಿ, ಹೊಸದಾಗಿ ಹಾಕಿದೆ. ಈಗಿನ ಲೆಕ್ಕ, ಅಣ್ಣನ 6ವಿ6 ಜೊತೆ: ಪ್ಲೇಟ್ 348, ಕ್ಯಾಥೋಡ್ 19.6, ಗ್ರಿಡ್ 0.0.

ಫ್ರೀಮಾಂಟ್ ಕನ್ನಡಿಗ

41 ಮಿಲಿಆಂಪ್, 13 ವ್ಯಾಟ್ ಚಿಲ್ಲರೆ. ಸ್ಕ್ರೀನ್ ಪಾಲು ಕಳೆದರೆ 12ಕ್ಕೆ ಕೊಂಚ ಮೇಲೆ. ಚಾಂಪ್‌ಗಳು ಹುಟ್ಟಿನಿಂದಲೇ ವಾಲ್ವನ್ನು ಹೀಗೆ ದುಡಿಸ್ತವೆ, ಗಾಬರಿ ಬೇಡ. ಕಪ್ಲಿಂಗ್ ಕೆಪಾಸಿಟರ್ ಬಗ್ಗೆ ನಾನು "ಮುಗೀತು" ಅಂದಿದ್ದೆ, ಅದನ್ನ ವಾಪಸ್ ತಗೊಂಡಿದ್ದೀನಿ.

ಜಾಲಹಳ್ಳಿ ನಿವೃತ್ತ

ನಿಮ್ಮ ಆಂಪಿನ ಮುಂದಿನ ವಾಲ್ವ್ 12ಎಎಕ್ಸ್7ನ ಜಾಗಕ್ಕೆ ನನ್ನದೊಂದು ಕಾಣಿಕೆ. ಅಮೆರಿಕದವರು 12ಎಎಕ್ಸ್7 ಅನ್ನೋದನ್ನೇ ಯುರೋಪಿನವರು ಇಸಿಸಿ83 ಅಂತಾರೆ. ಬಿಇಎಲ್‌ನವರು ಇಸಿಸಿ83, ಇಎಲ್84 ಎಲ್ಲ ಮಾಡುತ್ತಿದ್ದರು. ಬಿಇಎಲ್ ಅಚ್ಚು ಇರೋ ಇಸಿಸಿ83 ಒಂದು ನನ್ನ ಕಪಾಟಿನಲ್ಲಿ ಪೆಟ್ಟಿಗೆ ಸಮೇತ ಇದೆ. ಮಕ್ಕಳಿಗೆ ಅದೇನು ಅಂತಲೂ ಗೊತ್ತಿಲ್ಲ. ವಿಳಾಸ ಕಳಿಸಿ. ಅವಲಕ್ಕಿ ನಮ್ಮಲ್ಲಿಲ್ಲ, ಹುರಿಗಾಳು ಹಾಕಿ ಕಳಿಸ್ತೀನಿ.

ಆರನೇ ತಂತಿ · ಮುಂದಿನ ಶುಕ್ರವಾರ

ಜಾಲಹಳ್ಳಿ ಸರ್ ವಾಲ್ವ್ ಹಾಕಿದ್ದೀನಿ. ಒಂದು ಗಂಟೆ ಓಡಿಸಿ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಟ್ಟೆ, ಇಪ್ಪತ್ತು ಎಣಿಸಿದೆ. ಅಣ್ಣನ ಇನ್ನೊಂದು 6ವಿ6 ಇವತ್ತು ಬಸ್ಸಿಗೆ ಹಾಕಿದ್ದೀನಿ, ಡಬ್ಬಿಯಲ್ಲಿ ಮೈಸೂರ್ ಪಾಕ್ ಇದೆ, ಇರುವೆಗಿಂತ ಮೊದಲು ತೆಗೀರಿ.

ದನಿ ಹೇಗಿದೆ ಅಂತ ಎಲ್ಲರೂ ಕೇಳ್ತಿದ್ದೀರಿ. ವಾಲ್ಯೂಮ್ 4ರ ತನಕ ತೊಳೆದಿಟ್ಟ ಲೋಟದ ಹಾಗೆ. 6 ದಾಟಿದ ಮೇಲೆ ಬೆರಳಿನ ಭಾರಕ್ಕೆ ತಕ್ಕ ಹಾಗೆ ಒಡೆಯುತ್ತೆ. ಮೆಲ್ಲಗೆ ಮುಟ್ಟಿದರೆ ಮತ್ತೆ ತಿಳಿ. ಬಾಸ್ 3ಕ್ಕಿಂತ ಮೇಲಿಟ್ಟರೆ ಎಂಟಿಂಚಿನ ಸ್ಪೀಕರ್ ಕೆಮ್ಮುತ್ತೆ.

ನಿನ್ನೆ ಸಂಜೆ 7ರಲ್ಲಿಟ್ಟು ಬಾರಿಸ್ತಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಮಾವನ ನೆನಪಾಯ್ತೇನೋ ಅಂದುಕೊಂಡು ನಿಲ್ಲಿಸಿದೆ. "ಅವನು ಇಷ್ಟು ಜೋರಾಗಿ ಇಡ್ತಿರಲಿಲ್ಲ" ಅಂದರು. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ತಪ್ಪಿತಂತೆ.

ಕರಾವಳಿ ಕಾರ್ಡ್ಸ್

ಬಾಸ್ 2ರಲ್ಲಿಡಿ. ಮತ್ತೆ ರೆಕಾರ್ಡ್ ಮಾಡಿ ಹಾಕಿ ಮಾರಾಯ್ರೆ, ಕುಕ್ಕರ್ ಸಮೇತ.